ಕೊಳ್ಳುವ ದರ, ಮಾರುವ ದರ

ಆ ಮನೆಯಲ್ಲಿ ಪ್ರತಿ ಬೆಳಗ್ಗೆ ಒಂಬತ್ತು ಗಂಟೆಗೆ ಇಬ್ಬರು ಒಂದೇ ಅಂಕಿಯನ್ನು ನೋಡುತ್ತಿದ್ದರು. ಅದನ್ನು ನೋಡಿ ಒಬ್ಬರ ಮುಖ ಅರಳಿದರೆ, ಇನ್ನೊಬ್ಬರದು ಸುಟ್ಟ ಬದನೆಕಾಯಿಯಂತಾಗುತ್ತಿತ್ತು. ಇಬ್ಬರೂ ಒಟ್ಟಿಗೆ ನಕ್ಕ ಬೆಳಗನ್ನು ಆ ಗೋಡೆಗಳು ಹನ್ನೊಂದು ವರ್ಷಗಳಿಂದ ಕಂಡಿರಲಿಲ್ಲ.

ಮಹಡಿಯ ಮೇಲೆ ತಂಗಿ. ನಲವತ್ತೆಂಟರ ಒಂಟಿ ಹೆಂಗಸು, ಕಡ್ಡಿಯಂಥ ಮೈ, ಅದಕ್ಕಿಂತ ಚೂಪಾದ ನಾಲಗೆ. ಬೀದಿಯವರು ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಎದುರಿಗೆ ಕರೆಯುವ ಧೈರ್ಯವಿದ್ದದ್ದು ಅಣ್ಣನಿಗೆ ಮಾತ್ರ. ಕಸುಬು ಫೋಟೋಗ್ರಫಿ. ಆದರೆ ಮನುಷ್ಯರ ಮುಖ ತೆಗೆಯುವುದನ್ನು ಅವಳು ಎಂದೋ ಬಿಟ್ಟಿದ್ದಳು. ಹಿತ್ತಾಳೆಯ ಬಾಗಿಲ ಹಿಡಿಕೆ, ಚಿಲಕ, ಅಗುಳಿ, ತಿರುಗಣಿ ಇವುಗಳ ಚಿತ್ರ ತೆಗೆದು ಪರದೇಶದ ಕ್ಯಾಟಲಾಗ್ ಕಂಪನಿಯೊಂದಕ್ಕೆ ಕಳಿಸುತ್ತಿದ್ದಳು. ಅವರು ಚಿತ್ರವೊಂದಕ್ಕೆ ಇಪ್ಪತ್ತೈದು ಡಾಲರ್ ಕೊಡುತ್ತಿದ್ದರು. ಡಾಲರ್ ಏರಿತೆಂದರೆ ಅವಳ ಸಂಪಾದನೆ ಏರಿತು.

ಕೆಳಗೆ ಅಂಗಡಿಯಲ್ಲಿ ಅಣ್ಣ. ಕ್ಯಾಮೆರಾ, ಲೆನ್ಸು, ಫ್ಲ್ಯಾಷ್ ದೀಪ, ಮುದ್ರಣದ ಕಾಗದ ಎಲ್ಲವನ್ನೂ ಹಡಗಿನಲ್ಲಿ ತರಿಸಿ ಮಾರುವವನು. ತರಿಸಿದ್ದಕ್ಕೆ ಡಾಲರಿನಲ್ಲೇ ಹಣ ಕಟ್ಟಬೇಕು. ಡಾಲರ್ ಏರಿತೆಂದರೆ ಅವನ ಜೇಬು ಹರಿಯಿತು.

ಹೀಗಾಗಿ ಮೇಲೆ ಹಾಡಿನ ಗುನುಗು ಕೇಳಿದ ದಿನ ಕೆಳಗೆ ಗಲ್ಲಾಪೆಟ್ಟಿಗೆಯ ಮುಚ್ಚಳ ಬಡಿದುಕೊಳ್ಳುತ್ತಿತ್ತು. ಇಬ್ಬರ ನಡುವೆ ಮಾತು ಸಾಗಿಸುವ ಕೆಲಸ ಅತ್ತಿಗೆಯದು. ಮೆಟ್ಟಿಲ ನಡುವೆ ನಿಂತು ಆಕೆ ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಮುಟ್ಟಿಸುತ್ತಿದ್ದಳು. ಇಬ್ಬರಿಗೂ ಎಲ್ಲವೂ ನೇರವಾಗಿಯೇ ಕೇಳಿಸುತ್ತಿತ್ತೆಂಬುದು ಬೇರೆ ಮಾತು.

“ಆ ಫ್ಲ್ಯಾಷ್ ದೀಪಕ್ಕೆ ಎಷ್ಟು ಅಂತ ಕೇಳಿ, ಅತ್ತಿಗೆ.”

“ನಿನ್ನೆ ಮೂರು ಸಾವಿರ. ಇವತ್ತು ಮೂರು ಸಾವಿರದ ಇನ್ನೂರು ಅಂತೆ ಕಣಮ್ಮ.”

“ದೀಪ ರಾತ್ರಿಯೆಲ್ಲ ಅಂಗಡೀಲೇ ಮಲಗಿತ್ತಲ್ಲ! ನಿದ್ದೆಯಲ್ಲಿ ಇನ್ನೂರು ದುಡೀತಾ?”

ಕೆಳಗಿನಿಂದ ಅಣ್ಣನೇ ಕೂಗುತ್ತಿದ್ದ: “ಡಾಲರ್ ಏರಿದೆ ಅಂತ ಮೇಲೆ ಹಾಡೋರು, ಅದರ ಬೆಲೇನೂ ಹಾಡ್ಕೊಂಡೇ ಕೊಡಲಿ!”

“ಸಾಹುಕಾರರಿಗೆ ಹೇಳಿ, ಅತ್ತಿಗೆ. ಏರುವಾಗ ಹಳೇ ಸರಕಿಗೆ ಹೊಸ ದರ ಅಂಟಿಸ್ತಾರೆ. ಇಳಿಯುವಾಗ ಮಾತ್ರ ಅಂಟು ಸಿಗೋದಿಲ್ಲ, ಅಲ್ವಾ?”

ಆದರೂ ಅವಳು ಆ ದೀಪವನ್ನು ಕೊಳ್ಳಲೇಬೇಕಿತ್ತು, ಏಕೆಂದರೆ ಆ ಸಾಮಾನು ಊರಿನಲ್ಲಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಡಾಲರ್ ಒಂದು ಕೈಯಲ್ಲಿ ಕೊಟ್ಟದ್ದನ್ನು ಅಣ್ಣನ ಮೂಲಕ ಕಿತ್ತುಕೊಳ್ಳುತ್ತಿತ್ತು. ಅವಳಿಗೆ ಮೈ ಉರಿಯುತ್ತಿದ್ದದ್ದು ಹಣ ಹೋಯಿತೆಂದಲ್ಲ, ಹೋಗಿ ಸೇರಿದ ಜೇಬು ಯಾರದೆಂದು.

ದ್ವೇಷದ ಬೇರು ಹಳೆಯದು. ಅಪ್ಪ ಸ್ಟುಡಿಯೋ ಇಟ್ಟುಕೊಂಡಿದ್ದ ಕಾಲದಲ್ಲಿ ಮಹಡಿಯ ಮೇಲೆ ಉತ್ತರಕ್ಕೆ ಮುಖಮಾಡಿ ಗೋಡೆಯಗಲದ ಕಿಟಕಿಯೊಂದನ್ನು ಇಡಿಸಿದ್ದ. ಆ ಕಿಟಕಿಯಿಂದ ಬಿಸಿಲು ಒಮ್ಮೆಯೂ ಒಳಗೆ ಬೀಳುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹಾಲಿನಂಥ ಬೆಳಕು ಮಾತ್ರ ಬರುತ್ತದೆ. ಮಗನಿಗೆ ಆ ಕೋಣೆಯಲ್ಲಿ ಕ್ಯಾಮೆರಾ ಹಿಡಿಯಲು ಕಲಿಸಹೋದ ಅಪ್ಪ ಒಂದು ವರ್ಷ ತಾಳಿಕೊಂಡು, ಕೊನೆಗೊಂದು ದಿನ ಏಳೆಂಟು ಗಿರಾಕಿಗಳ ಎದುರಿಗೆ, “ನಿನ್ನ ಕೈಗಿಂತ ಸ್ಟ್ಯಾಂಡಿನ ಕಾಲು ವಾಸಿ, ಕಡೇಪಕ್ಷ ನೆಟ್ಟಗೆ ನಿಲ್ಲುತ್ತೆ” ಎಂದುಬಿಟ್ಟ. ಗಿರಾಕಿಗಳು ನಕ್ಕರು. ಹನ್ನೆರಡರ ತಂಗಿಯೂ ನಕ್ಕಳು. ಗಿರಾಕಿಗಳ ನಗೆಯನ್ನು ಹುಡುಗ ಮರೆತ, ತಂಗಿಯದನ್ನು ಮರೆಯಲಿಲ್ಲ. ಮರುದಿನದಿಂದ ಅವನು ಗಲ್ಲಾದ ಮುಂದೆ, ಅವಳು ಕಿಟಕಿಯ ಮುಂದೆ.

ಫೋನಿನಲ್ಲೇ ಎಲ್ಲರೂ ಚಿತ್ರ ತೆಗೆದುಕೊಳ್ಳುವ ಕಾಲ ಬಂದು ಸ್ಟುಡಿಯೋ ಬರಿದಾದಾಗ ಸೂಜಿ ಯಾರ ಮುಂದೆಯೂ ಕೈಚಾಚಲಿಲ್ಲ. ಹಿತ್ತಾಳೆ ಕಾರ್ಖಾನೆಯ ಗುಮಾಸ್ತನೊಬ್ಬ, ಪರದೇಶದ ಕಂಪನಿಗೆ ಹಿಡಿಕೆಗಳ ಚಿತ್ರ ಬೇಕಾಗಿದೆ, ಯಾರು ತೆಗೆದರೂ ಸರಿಬರುತ್ತಿಲ್ಲ ಎಂದು ಹಲುಬಿದ. ಸರಿಬರದಿರಲು ಕಾರಣವಿತ್ತು. ಉಜ್ಜಿ ಹೊಳಪಿಟ್ಟ ಗುಂಡು ಹಿಡಿಕೆ ಕನ್ನಡಿಯಂಥದು. ಅದರ ಹೊಟ್ಟೆಯೊಳಗೆ ಇಡೀ ಕೋಣೆ ಕಾಣುತ್ತದೆ. ಕ್ಯಾಮೆರಾ, ಅದರ ಹಿಂದಿನ ಮನುಷ್ಯ, ಮೇಜು, ಗೋಡೆಯ ಮೊಳೆ, ಯಾವುದನ್ನೂ ಅದು ಬಿಡುವುದಿಲ್ಲ. ಸೂಜಿ ಗೋಡೆಗಳಿಗೆ ಸುಣ್ಣ ಬಳಿದಳು, ಕ್ಯಾಮೆರಾದ ಮುಂದೆ ತೂತಿಟ್ಟ ಬಿಳಿಕಾಗದದ ಗುಡಾರ ಕಟ್ಟಿದಳು, ತಾನು ಬಿಳಿಯ ನಿಲುವಂಗಿ ತೊಟ್ಟು ಅದರ ಹಿಂದೆ ಅಡಗಿದಳು. ಉತ್ತರದ ಬೆಳಕು ಹಿಡಿಕೆಯ ಮೇಲೆ ಒಂದೇ ಒಂದು ನುಣುಪಾದ ಗೆರೆಯಾಗಿ ಇಳಿಯಿತು. ಆ ಗೆರೆಗಾಗಿ ಕಂಪನಿ ಹನ್ನೊಂದು ವರ್ಷಗಳಿಂದ ಅವಳ ಬೆನ್ನು ಬಿಟ್ಟಿರಲಿಲ್ಲ.

ಬೆಲೆ ಮಾತ್ರ ಇಪ್ಪತ್ತೈದು ಡಾಲರಿನಲ್ಲೇ ನಿಂತಿತ್ತು. ಡಾಲರಿಗೆ ಮೂವತ್ತಾರು ಇದ್ದಾಗ ಒಂದು ಚಿತ್ರ ಒಂಬೈನೂರು ತಂದಿತು. ನಲವತ್ತೊಂದಾದಾಗ ಸಾವಿರದ ಇಪ್ಪತ್ತೈದು. ಅದೇ ಹಿಡಿಕೆ, ಅದೇ ಬೆಳಕು, ಅದೇ ಬೆನ್ನುನೋವು. ತನ್ನ ಕೈಕೆಲಸದ ಬೆಲೆಯನ್ನು ಎಲ್ಲೋ ಕುಳಿತ, ಹಿಡಿಕೆಯ ಮುಖವನ್ನೇ ಕಾಣದ ಜನ ದಿನಾ ಬೆಳಗ್ಗೆ ಹೊಸದಾಗಿ ಕಟ್ಟುತ್ತಾರೆಂಬುದನ್ನು ಆ ಸ್ವಾಭಿಮಾನದ ಹೆಂಗಸು ಅವಮಾನವೆಂದೇ ತಿಳಿದಿದ್ದಳು. ತಿಳಿದರೂ ಒಂಬತ್ತು ಗಂಟೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಕಿಯನ್ನು ಕಾಯುತ್ತಿದ್ದಳು.

ಅಪ್ಪ ಸಾಯುವಾಗ ಬರೆದಿಟ್ಟ ಕಾಗದದಲ್ಲಿ ಅಂಗಡಿ ಮಗನಿಗೆ, ಹಿಂದಿನ ಎರಡು ಕೋಣೆ ಮಗಳಿಗೆ, ಉತ್ತರದ ಕೋಣೆ ಇಬ್ಬರಿಗೂ ಸಮ ಎಂದಿತ್ತು. ಆ ಸಮದ ಮೇಲೆ ಅಣ್ಣ ಇಷ್ಟು ವರ್ಷ ಕೈಹಾಕಿರಲಿಲ್ಲ. ಈ ವರ್ಷ, ಡಾಲರ್ ಇನ್ನೂ ಏರಬಹುದೆಂಬ ಭಯಕ್ಕೆ ಸರಕನ್ನು ಮುಂಚಿತವಾಗಿ ತರಿಸಿ ಪೇರಿಸತೊಡಗಿದ. ಅಂಗಡಿ ತುಂಬಿತು, ಮೆಟ್ಟಿಲ ಕೆಳಗೂ ತುಂಬಿತು. ಆಗ ಅವನಿಗೆ ಅಪ್ಪನ ಕಾಗದ ನೆನಪಾಯಿತು.

ಅಂದು ಅತ್ತಿಗೆಯನ್ನು ನಡುವೆ ನಿಲ್ಲಿಸದೆ ತಾನೇ ಮಹಡಿ ಹತ್ತಿ ಬಂದ. “ಕೋಣೆಗೆ ಬೆಲೆ ಕಟ್ಟಿಸಿದ್ದೀನಿ. ನನ್ನ ಅರ್ಧಕ್ಕೆ ಐದು ಲಕ್ಷ. ಮುಂದಿನ ತಿಂಗಳು ಮೂವತ್ತನೇ ತಾರೀಕಿನೊಳಗೆ ಕೊಟ್ಟು ಇಡೀ ಕೋಣೆ ಬರೆಸ್ಕೋ. ಇಲ್ಲದಿದ್ರೆ ನಾನು ಇದನ್ನ ಗೋದಾಮು ಮಾಡ್ತೀನಿ, ಕಿಟಕಿಗೆ ಹಲಗೆ ಹೊಡೆಸ್ತೀನಿ. ಕಾಗದಕ್ಕೆ ಬೆಳಕು ಬಿದ್ರೆ ಕೆಡುತ್ತೆ.”

“ಕಿಟಕಿಗೆ ಹಲಗೆ ಹೊಡೆಸೋ ಬದಲು ನಿನ್ನ ಕಣ್ಣಿಗೆ ಹೊಡೆಸ್ಕೋ. ಕೈಯಿಂದ ಉಪಯೋಗ ಇಲ್ಲ ಅಂತ ಅಪ್ಪನೇ ಹೇಳಿದ್ರಲ್ಲ, ಕಣ್ಣಿಂದಲೂ ಇಲ್ಲ.”

“ಒಂಟಿ ಜೀವಕ್ಕೆ ಮೂರು ಕೋಣೆ ಯಾಕೆ?”

“ಒಂದರಲ್ಲಿ ನಾನಿರೋಕೆ, ಒಂದರಲ್ಲಿ ಸಾಮಾನು ಇಡೋಕೆ, ಒಂದರಲ್ಲಿ ನೀನಿಲ್ಲದೆ ಇರೋಕೆ.”

ಇಬ್ಬರೂ ಅಪ್ಪನ ಕಾಗದದ ಬೆನ್ನಿಗೆ ಸಹಿ ಹಾಕಿದರು; ಮೂವತ್ತನೇ ತಾರೀಕು ಗಟ್ಟಿಯಾಯಿತು. ಅತ್ತಿಗೆ ಸಾಕ್ಷಿ.

ಸೂಜಿ ಲೆಕ್ಕ ಹಾಕಿದಳು. ಬ್ಯಾಂಕಿನ ಡಾಲರ್ ಖಾತೆಯಲ್ಲಿ ಒಂಬತ್ತು ಸಾವಿರದ ನಾಲ್ಕು ನೂರು ಇದ್ದವು. ಕೈಯಲ್ಲಿದ್ದ ನೂರಿಪ್ಪತ್ತು ಹಿಡಿಕೆಗಳ ಚಿತ್ರ ಮುಗಿಸಿದರೆ ಇನ್ನು ಮೂರು ಸಾವಿರ ಬರುತ್ತಿತ್ತು. ಒಟ್ಟು ಹನ್ನೆರಡು ಸಾವಿರದ ನಾಲ್ಕು ನೂರು. ಅಂದು ಬ್ಯಾಂಕು ಡಾಲರನ್ನು ನಲವತ್ತೊಂದಕ್ಕೆ ಕೊಳ್ಳುತ್ತಿತ್ತು. ಐದು ಲಕ್ಷ ದಾಟಿ ಎಂಟು ಸಾವಿರ ಉಳಿಯುತ್ತಿತ್ತು. ಡಾಲರ್ ಇನ್ನಷ್ಟು ಏರಲಿ, ಕೆಳಗಿನವನ ಹೊಟ್ಟೆ ಉರಿಯಲಿ ಎಂದು ಅವಳು ಖಾತೆಗೆ ಕೈಹಾಕಲಿಲ್ಲ. ಇದು ಅವಳ ಮೊದಲನೆಯ ತಪ್ಪು. ಅದರಲ್ಲಿ ಲಾಭದ ಆಸೆ ಕಾಲುಭಾಗವಾದರೆ ಹಗೆ ಮುಕ್ಕಾಲು.

ಎರಡನೆಯ ತಪ್ಪು ಅವಳ ಕಸುಬಿನವರು ಮಾತ್ರ ಮಾಡಬಹುದಾದದ್ದು.

ಅರ್ಧ ಕೋಣೆ ತನ್ನದೆಂದು ಅಣ್ಣ ಆಗಲೇ ಪೆಟ್ಟಿಗೆಗಳನ್ನು ತಂದು ಹಿಂಗೋಡೆಗೆ ಒಟ್ಟಿದ್ದ. ಸೂಜಿ ಅವುಗಳ ಮೇಲೆ ಬಿಳಿಯ ಬಟ್ಟೆ ಹೊದಿಸಿ ಕೆಲಸ ಮುಂದುವರಿಸಿದಳು. ಒಂದು ಮಧ್ಯಾಹ್ನ ಹಲಗೆಯ ಅಳತೆ ತೆಗೆದುಕೊಳ್ಳಲು ಅವನು ಟೇಪು ಹಿಡಿದು ಬಂದ, ಪೆಟ್ಟಿಗೆ ಸರಿಸಲು ಬಟ್ಟೆ ಎಳೆದ, ಬಾಗಿಲಲ್ಲಿ ನಿಂತು ಕಿಟಕಿಯನ್ನೇ ದಿಟ್ಟಿಸಿದ. ಅವಳು ಬಿಳಿ ಗುಡಾರದ ಹಿಂದೆ ಬೆನ್ನು ತಿರುಗಿಸಿಕೊಂಡು ಗುಂಡಿ ಒತ್ತುತ್ತಲೇ ಇದ್ದಳು. ಅವನು ಬಂದನೆಂದು ಕೆಲಸ ನಿಲ್ಲಿಸಿದರೆ ಸೋತಂತೆ ಎಂಬುದು ಅವಳ ಹಟ.

ಸಾಮಾನ್ಯವಾಗಿ ಅವಳು ಪ್ರತಿ ಚಿತ್ರವನ್ನೂ ಪರದೆಯ ತುಂಬ ಹಿಗ್ಗಿಸಿ, ಮೂಲೆಮೂಲೆ ಹೆಕ್ಕಿ ನೋಡಿದ ಮೇಲೆಯೇ ಕಳಿಸುವವಳು. ಅಂದು ಡಾಲರ್ ನಲವತ್ತೊಂದು ಅರವತ್ತಕ್ಕೆ ನೆಗೆದಿತ್ತು. ಪರದೆಯ ಎಡಗಡೆ ಹಿಡಿಕೆಯ ಚಿತ್ರ, ಬಲಗಡೆ ದರದ ಪುಟ. ಅರ್ಧ ಪರದೆಯಲ್ಲಿ ಹಿಡಿಕೆ ಹೆಬ್ಬೆರಳಿನಷ್ಟಾಗಿತ್ತು. ಕಣ್ಣು ಎಡಕ್ಕಿಂತ ಬಲಕ್ಕೇ ಹೆಚ್ಚು ಹೊರಳುತ್ತಿತ್ತು. ಬೇಗ ಕಳಿಸಿದರೆ ಬೇಗ ಹಣ, ದರ ಇಳಿಯುವ ಮೊದಲೇ ಹಣ. ನೂರಿಪ್ಪತ್ತನ್ನೂ ಒಂದೇ ಸಂಜೆಯಲ್ಲಿ ಕಳಿಸಿಬಿಟ್ಟಳು.

ನಾಲ್ಕನೇ ತಾರೀಕು ಎಲ್ಲವೂ ತಿರುಗಿ ಬಂದವು. ಹನ್ನೊಂದು ವರ್ಷಗಳಲ್ಲಿ ಅದೇ ಮೊದಲು. ಜೊತೆಗಿದ್ದ ಒಕ್ಕಣೆ ಎರಡೇ ಸಾಲಿನದು: ಹಿಡಿಕೆಗಳಲ್ಲಿ ಪೆಟ್ಟಿಗೆಗಳು ಕಾಣುತ್ತಿವೆ, ಮೂವತ್ತೇಳನೆಯದರಲ್ಲಿ ಒಬ್ಬ ಮನುಷ್ಯನಿದ್ದಾನೆ, ದಯವಿಟ್ಟು ಅವನಾರೆಂದು ತಿಳಿಸಿ, ಎಲ್ಲವನ್ನೂ ಮತ್ತೆ ತೆಗೆಯಿರಿ.

ಅವಳು ಮೂವತ್ತೇಳನ್ನು ಹಿಗ್ಗಿಸಿದಳು. ಹಿತ್ತಾಳೆಯ ಉಬ್ಬಿನಲ್ಲಿ ಅಣ್ಣ ನಿಂತಿದ್ದ. ಹೊಟ್ಟೆ ಕುಂಬಳಕಾಯಿಯಷ್ಟು, ತಲೆ ನಿಂಬೆಯಷ್ಟು, ಕೈಯಲ್ಲಿ ಹಾವಿನಂತೆ ಸುತ್ತಿಕೊಂಡ ಟೇಪು, ಬಾಯಿ ಅರೆತೆರೆದಿತ್ತು. ಅವನನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಅವನು ಬಂದು ನಿಂತದ್ದು ಅವನ ದುರ್ಬುದ್ಧಿ. ನೋಡದೆ ಕಳಿಸಿದ್ದು ಅವಳದೇ ಕಣ್ಣು. ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಚೀಲದಲ್ಲಿಟ್ಟುಕೊಂಡಳು, ಅವನಿಗಿಂತ ಹೆಚ್ಚಾಗಿ ತನಗೆ ಶಿಕ್ಷೆಯೆಂದು.

ಮತ್ತೆ ತೆಗೆಯಲು ಎರಡು ವಾರ ಹಿಡಿಯಿತು. ಕಂಪನಿ ಒಪ್ಪಿ ಹಣ ಕಳಿಸುವಷ್ಟರಲ್ಲಿ ಇಪ್ಪತ್ತೆಂಟಾಯಿತು. ಆ ಮೂರೂವರೆ ವಾರ ಡಾಲರ್ ಮೆಟ್ಟಿಲಿಳಿಯುವ ಮುದುಕಿಯಂತೆ ಒಂದೊಂದೇ ಹೆಜ್ಜೆ ಇಳಿಯುತ್ತ ಹೋಯಿತು. ಕೆಳಗೆ ಅಣ್ಣ ಹಾಡತೊಡಗಿದ. ಅವನಿಗೆ ಕಂಠವೂ ಇರಲಿಲ್ಲ, ತಾಳವೂ ಇರಲಿಲ್ಲ. ಇದ್ದದ್ದು ಸಂತೋಷ ಮಾತ್ರ.

“ಅತ್ತಿಗೆ, ಕತ್ತೆಗೆ ಹುಲ್ಲು ಹಾಕಿ, ಹಸಿದಿದೆ.”

“ಹಲಗೆ ಹೊಡೆಯೋಕೆ ಬಡಗಿಗೆ ಹೇಳಿದ್ದೀನಿ ಅಂತ ಹೇಳೇ ಅವಳಿಗೆ! ಮೂವತ್ತೊಂದಕ್ಕೆ ಬರ್ತಾನೆ!” ಎಂದು ಕೆಳಗಿನಿಂದ ಉತ್ತರ.

ಇಪ್ಪತ್ತೊಂಬತ್ತರಂದು ಸೂಜಿ ಬ್ಯಾಂಕಿಗೆ ಹೋದಳು. ಗೋಡೆಯ ಹಲಗೆಯ ಮೇಲೆ ಎಂದಿನಂತೆ ಎರಡು ಅಂಕಿಗಳು: ಕೊಳ್ಳುವ ದರ ಮೂವತ್ತೊಂಬತ್ತು ಇಪ್ಪತ್ತು, ಮಾರುವ ದರ ನಲವತ್ತೊಂದು ಇಪ್ಪತ್ತು. ಅವಳ ಕಣ್ಣಿಗೆ ಇಷ್ಟು ವರ್ಷವೂ ಬಿದ್ದದ್ದು ಮೊದಲನೆಯದು ಮಾತ್ರ. ಹನ್ನೆರಡು ಸಾವಿರದ ನಾಲ್ಕು ನೂರು ಡಾಲರಿಗೆ ನಾಲ್ಕು ಲಕ್ಷದ ಎಂಬತ್ತಾರು ಸಾವಿರದ ಎಂಬತ್ತು. ಹದಿಮೂರು ಸಾವಿರದ ಒಂಬೈನೂರ ಇಪ್ಪತ್ತು ಕಡಿಮೆ. ಆ ಕೊರತೆಯನ್ನು ಯಾರಲ್ಲಾದರೂ ಕೇಳಿ ತುಂಬಿಸುವುದು ಅವಳ ಜಾಯಮಾನದಲ್ಲಿರಲಿಲ್ಲ. ತುಟಿ ಬಿಗಿಹಿಡಿದು ಚೀಟಿ ಬರೆದು ಗಾಜಿನ ಕೆಳಗೆ ತೂರಿಸಿದಳು.

ಗಾಜಿನ ಹಿಂದೆ ಕುಳಿತಿದ್ದಾಕೆ ನಿವೃತ್ತಿಗೆ ಎರಡು ದಿನ ಉಳಿದಿದ್ದ ಗುಮಾಸ್ತೆ. ಚೀಟಿಯನ್ನು ನೋಡಿದಳು, ಮೊಹರು ಒತ್ತಲಿಲ್ಲ. ಪಕ್ಕದ ಕಿಟಕಿಯಲ್ಲಿ ನಿಂತಿದ್ದವನ ಕಡೆಗೆ ಗದ್ದ ತೋರಿಸಿದಳು. ಅಣ್ಣ ಅಲ್ಲಿ ನಿಂತಿದ್ದ. ಬಂದರುಕಟ್ಟೆಯಲ್ಲಿ ಕೊಳೆಯುತ್ತಿದ್ದ ಸರಕನ್ನು ಬಿಡಿಸಿಕೊಳ್ಳಲು ಡಾಲರ್ ಕೊಳ್ಳುವುದಕ್ಕೆ ಬಂದಿದ್ದ.

“ಅವರು ನಿಮ್ಮಣ್ಣ ತಾನೆ?”

“ನಮ್ಮಪ್ಪನ ಮಗ.”

“ಏನಾದರೂ ಆಗಲಿ. ಕೇಳಿ ಇಲ್ಲಿ, ಇಬ್ಬರೂ. ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ನೀವು ಈ ಕಿಟಕೀಲಿ ಅಗ್ಗಕ್ಕೆ ಡಾಲರ್ ಮಾರ್ತೀರಿ. ಅದೇ ಡಾಲರನ್ನ ಅವರು ಆ ಕಿಟಕೀಲಿ ದುಬಾರಿಗೆ ಕೊಳ್ತಾರೆ. ಒಂದು ಡಾಲರಿಗೆ ಎರಡರಂತೆ ನಮಗೆ ಉಳಿಯುತ್ತೆ. ಇವತ್ತಿನ ಹನ್ನೆರಡು ಸಾವಿರದ ನಾಲ್ಕು ನೂರಕ್ಕೆ ಇಪ್ಪತ್ತನಾಲ್ಕು ಸಾವಿರದ ಎಂಟು ನೂರು. ಈ ಗಾಜು ಹೊಸದಾಗಿ ಹಾಕಿಸಿದ್ದು ನೋಡಿದ್ರಾ? ನಿಮ್ಮ ಜಗಳದ್ದೇ ದುಡ್ಡು ಅಂತ ನಾವು ಒಳಗೆ ಹೇಳ್ಕೊಂಡು ನಗ್ತೀವಿ.”

ಸಾಲಿನಲ್ಲಿದ್ದವರು ಕತ್ತು ನೀಡಿದರು.

“ಒಂದೇ ಮನೆಯವರು ಒಬ್ಬರ ಡಾಲರ್ ಖಾತೆಯಿಂದ ಇನ್ನೊಬ್ಬರದಕ್ಕೆ ನೇರ ವರ್ಗಾಯಿಸಬಹುದು. ಫಾರಂ ಇದೆ. ದರ ನೀವೇ ಮಾತಾಡ್ಕೊಳ್ಳಿ. ಮಾತಾಡೋಕೆ ಬರುತ್ತೆ ಅಲ್ವಾ?”

ಅಣ್ಣ ಮೊದಲು ಬಾಯಿಬಿಟ್ಟ. ಗುಮಾಸ್ತೆಯನ್ನು ನೋಡಿಯೇ ಮಾತಾಡಿದ. “ಸರಿ ಮಧ್ಯದ ದರ. ನಲವತ್ತು ಇಪ್ಪತ್ತು. ಒಂದು ಕಾಸು ಹೆಚ್ಚಿಲ್ಲ.”

ಸೂಜಿ ಚೀಟಿಯ ಬೆನ್ನ ಮೇಲೆ ಗುಣಿಸಿದಳು. ನಾಲ್ಕು ಲಕ್ಷದ ತೊಂಬತ್ತೆಂಟು ಸಾವಿರದ ನಾಲ್ಕು ನೂರ ಎಂಬತ್ತು. ಇನ್ನೂ ಸಾವಿರದ ಐನೂರ ಇಪ್ಪತ್ತು ಸಾಲದು. “ಲೆಕ್ಕ ಬೇಡ,” ಎಂದಳು, ಅವಳೂ ಗುಮಾಸ್ತೆಗೇ. “ಡಾಲರ್ ಅಷ್ಟೂ ಅವರಿಗೆ. ಕೋಣೆ ಅಷ್ಟೂ ನನಗೆ. ಹಾಗೆ ಮಾಡಿದ್ರೂ ಬ್ಯಾಂಕಿಗೆ ಕೊಡೋದಕ್ಕಿಂತ ಅವರಿಗೆ ಹತ್ತು ಸಾವಿರದ ಮೇಲೆ ಉಳಿಯುತ್ತೆ.”

“ಸಾವಿರದ ಐನೂರ ಇಪ್ಪತ್ತು ಎಲ್ಲಿ? ಅದನ್ನಿಡೋಕೆ ಹೇಳಿ.”

“ಇಲ್ಲ.”

“ಹಾಗಾದ್ರೆ ಬ್ಯಾಂಕಿಗೇ ಹೋಗಲಿ! ನನ್ನ ಹತ್ತು ಸಾವಿರ ಹೋದ್ರೂ ಹೋಗಲಿ, ನಾಡಿದ್ದು ಕಿಟಕಿಗೆ ಹಲಗೆ ಬೀಳುತ್ತಲ್ಲ, ಅದೇ ಲಾಭ ನನಗೆ!”

“ಅಯ್ಯೋ, ಇವರನ್ನ ಹೆತ್ತವರು ಏನು ತಿಂದಿದ್ರೋ,” ಎಂದು ಸಾಲಿನಲ್ಲಿದ್ದ ಹೆಂಗಸೊಬ್ಬಳು ಗೊಣಗಿದಳು.

ಸೂಜಿಯ ಚೀಲದಲ್ಲಿ ಹದಿನೆಂಟು ನೂರು ಇತ್ತು. ಸಾವಿರದ ಐನೂರ ಇಪ್ಪತ್ತನ್ನು ಎಣಿಸಿ ಆ ಗಾಜಿನ ಮುಂದಿಟ್ಟಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಕೈ ಚೀಲದೊಳಗೆ ಹೋಯಿತು. ಹೊರಬಂದದ್ದು ಹಣವಲ್ಲ; ಮೂವತ್ತೇಳನೆಯ ಹಿಡಿಕೆಯ ಚಿತ್ರ. ಅದನ್ನು ಗಾಜಿಗೆ ಅಂಗೈಯಿಂದ ಒತ್ತಿ ಹಿಡಿದಳು.

“ಇದು ಯಾರು ಅಂತ ಕೇಳಿ, ಅಮ್ಮ. ನನ್ನ ಕೆಲಸದ ಮಧ್ಯೆ ಟೇಪು ಹಿಡ್ಕೊಂಡು ಬಂದು ನಿಂತವರು. ಇವರ ದೆಸೆಯಿಂದ ನೂರಿಪ್ಪತ್ತು ಚಿತ್ರ ವಾಪಸ್ ಬಂತು. ನನ್ನ ಹಣ ಮೂರೂವರೆ ವಾರ ತಡವಾಯ್ತು, ಡಾಲರಿಗೆ ಎರಡರ ಮೇಲೆ ಬಿತ್ತು. ನೋಡದೆ ಕಳಿಸಿದ ಪಾಲು ನನ್ನದು, ಅದನ್ನ ಕೇಳ್ತಿಲ್ಲ. ಆ ಹಿಡಿಕೆಯೊಳಗೆ ನಿಂತಿದ್ದಕ್ಕೆ ಬಾಡಿಗೆ ಸಾವಿರದ ಐನೂರ ಇಪ್ಪತ್ತು. ಹೆಚ್ಚಾಯ್ತಾ?”

ಗುಮಾಸ್ತೆ ಕನ್ನಡಕ ಮೇಲೇರಿಸಿ ಚಿತ್ರವನ್ನು ನೋಡಿದಳು, ಅಣ್ಣನನ್ನು ನೋಡಿದಳು, ಮತ್ತೆ ಚಿತ್ರವನ್ನು ನೋಡಿದಳು. “ಹೊಟ್ಟೆ ಅಷ್ಟಿಲ್ಲ,” ಎಂದಳು ಗಂಭೀರವಾಗಿ. “ತಲೆ ಮಾತ್ರ ಸರಿಯಾಗಿ ಬಂದಿದೆ.”

ಸಾಲು ನಕ್ಕಿತು. ಹಿಂದಿನವರು ಮುಂದಿನವರ ಭುಜದ ಮೇಲಿಂದ ಇಣುಕಿ, ಕಂಡ ಮೇಲೆ ತಾವೂ ನಕ್ಕರು. ಅಣ್ಣನ ಕಿವಿಯ ಕೆಂಪು ಕತ್ತಿನವರೆಗೆ ಇಳಿಯಿತು. ಏಳೆಂಟು ಗಿರಾಕಿಗಳ ಎದುರಿಗೆ ನಿಂತ ಹುಡುಗನ ಮುಖ ಅವನ ಮುಖದೊಳಗಿನಿಂದ ಒಂದು ಗಳಿಗೆ ಎದ್ದುಬಂತು. ಅದನ್ನು ಸೂಜಿ ಒಬ್ಬಳೇ ಗುರುತಿಸಿದಳು. ಈ ಸಲ ಅವಳು ನಗಲಿಲ್ಲ. ಕನಿಕರವಿತ್ತೆಂದಲ್ಲ, ನಕ್ಕರೆ ಅವನು ಸಹಿ ಹಾಕುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಫಾರಂ ಕೊಡಿ,” ಎಂದ ಅವನು, ಹಲ್ಲಿನ ಸಂದಿಯಿಂದ.

ಅವಳು ವರ್ಗಾವಣೆಯ ಫಾರಮಿಗೆ ಸಹಿ ಮಾಡಿದಳು. ಅವನು, ಅವಳು ಚೀಲದಲ್ಲಿ ತಂದಿದ್ದ ಅಪ್ಪನ ಕಾಗದದ ಕೆಳಗೆ, ತನ್ನ ಪಾಲಿನ ಉತ್ತರದ ಕೋಣೆಯನ್ನು ಪೂರ್ತಿ ಬೆಲೆ ಪಡೆದು ತಂಗಿಗೆ ಬಿಟ್ಟಿದ್ದೇನೆ ಎಂದು ಬರೆದು ಸಹಿ ಮಾಡಿದ. ಸಾಕ್ಷಿಗೆ ಗುಮಾಸ್ತೆ. ಮನೆಗೆ ಇಬ್ಬರೂ ಒಂದೇ ಬೀದಿಯಲ್ಲಿ, ಅವನು ಈ ಬದಿ ಅವಳು ಆ ಬದಿಯಾಗಿ ನಡೆದು ಬಂದರು.

ಅಂದು ಸಂಜೆಯೊಳಗೆ ಅವಳು ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಮೆಟ್ಟಿಲ ತಲೆಯಲ್ಲಿ ಒಟ್ಟಿದಳು. ಅತ್ತಿಗೆ ಕೆಳಗಿನಿಂದ ನೋಡಿ, “ಹಾಗಿಟ್ರೆ ನಾನು ಹತ್ತೋದು ಹೇಗೆ?” ಎಂದಳು. “ನೀವ್ಯಾಕೆ ಹತ್ತಬೇಕು, ಅತ್ತಿಗೆ? ಇನ್ನು ಸುದ್ದಿ ಏನಿದೆ?” ಎಂದಳು ಸೂಜಿ. ಬಡಗಿ ಮೂವತ್ತೊಂದಕ್ಕೆ ಬಂದು, ಹಲಗೆ ಬೇಡವೆಂದು ತಿಳಿದು, ಬಂದ ಕೂಲಿಗಾಗಿ ಅಣ್ಣನೊಂದಿಗೆ ಅರ್ಧ ಗಂಟೆ ಕಚ್ಚಾಡಿ ಹೋದ.

ನಾಲ್ಕನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಡಾಲರ್ ಮತ್ತೆ ನೆಗೆಯಿತು. ಬ್ಯಾಂಕಿನ ಕೊಳ್ಳುವ ದರ ನಲವತ್ತೊಂದು ಐವತ್ತು. ಅಣ್ಣ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಮಹಡಿ ಹತ್ತಿದ. ಇಂಥ ಸುದ್ದಿಯನ್ನು ಹೆಂಡತಿಯ ಕೈಯಲ್ಲಿ ಕಳಿಸಿ ಹಾಳುಮಾಡಿಕೊಳ್ಳುವಷ್ಟು ದಡ್ಡನಲ್ಲ ಅವನು. ಬಾಗಿಲಲ್ಲಿ ನಿಂತು ಚೌಕಟ್ಟಿಗೆ ಎರಡೂ ಕೈಯೂರಿದ.

“ಏನೇ ಸೂಜಿ, ನೋಡಿದ್ಯಾ? ಇವತ್ತು ಮಾರಿದ್ರೆ ಐದು ಲಕ್ಷದ ಹದಿನಾಲ್ಕು ಸಾವಿರದ ಆರು ನೂರು ಬರ್ತಿತ್ತು. ಹದಿನಾಲ್ಕು ಸಾವಿರದ ಆರು ನೂರು ನಿನ್ನ ಕೈ ಬಿಟ್ಟು ಹೋಯ್ತು! ಇವತ್ತಿನ ದರಕ್ಕೆ ಕೊಳ್ಳಬೇಕಾಗಿದ್ದ ಸರಕನ್ನ ನಾನು ಅಗ್ಗಕ್ಕೆ ಬಿಡಿಸ್ಕೊಂಡು ಕೂತಿದ್ದೀನಿ. ಹೇಗಿದೆ?”

ಬೆಳಗಿನ ಅಂಕಿಯನ್ನು ಸೂಜಿಯೂ ನೋಡಿದ್ದಳು. ಅದು ಎದೆಗೆ ಮುಳ್ಳಿನಂತೆ ನಾಟಿಯೂ ಇತ್ತು. ಆದರೆ ಈಗ ಅವಳ ಮುಂದಿನ ಪರದೆಯಲ್ಲಿ ದರದ ಪುಟವಿರಲಿಲ್ಲ. ಹೊಸ ಕಟ್ಟಿನ ಮೊದಲ ಹಿಡಿಕೆ, ಆ ಗಳಿಗೆ ಕ್ಯಾಮೆರಾಕ್ಕೆ ಕಾಣುತ್ತಿದ್ದ ಹಾಗೆಯೇ, ಪರದೆಯ ತುಂಬ ಹಿಗ್ಗಿ ನಿಂತಿತ್ತು. ಉತ್ತರದ ಬೆಳಕು ಅದರ ಮೇಲೆ ಒಂದೇ ಗೆರೆಯಾಗಿ ಇಳಿದಿತ್ತು. ಕೆಳಗಿನ ಅಂಚಿನಲ್ಲಿ, ಸಾಸಿವೆಯಷ್ಟು ಕಪ್ಪಾಗಿ, ಯಾರೋ ಚೌಕಟ್ಟಿಗೆ ಕೈಯೂರಿ ನಿಂತಿದ್ದರು.

“ಬಾಗಿಲು ಬಿಟ್ಟು ಇಳಿ,” ಎಂದಳು ಅವಳು, ತಲೆಯೆತ್ತದೆ. “ಹಿಡಿಕೇಲಿ ಕಾಣ್ತಿದ್ದೀಯ.”